ಕಲ್ಲಿನೊಳಗಿನ ಎಣ್ಣೆ: ಬೆಲೆ 100 ಡಾಲರ್ ದಾಟಿದಾಗಲೂ ಏಕೆ ತೆಗೆಯಲಿಲ್ಲ?

"ಅಮೆರಿಕದ ಆಯಿಲ್ ಶೇಲ್ ಎಂಬ ಕಲ್ಲಿನಲ್ಲಿ ಸೌದಿ ಅರೇಬಿಯಾಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೈಲವಿದೆಯಂತೆ. ಕಚ್ಚಾ ತೈಲದ ಬೆಲೆ ಬ್ಯಾರಲ್‌ಗೆ 100 ಡಾಲರ್ ದಾಟಿದರೆ ಅದನ್ನು ತೆಗೆಯುವುದು ಲಾಭದಾಯಕವಲ್ಲವೇ?" ಎಂದು ಕೇಳಿದ್ದೀರಿ. ಬೆಲೆ 100 ಡಾಲರ್ ದಾಟಿದ್ದೂ ಉಂಟು. ಆ ಹೊತ್ತಿನಲ್ಲೇ ದೊಡ್ಡ ಕಂಪನಿಗಳು ಈ ಕೆಲಸದಿಂದ ಕಾಲ್ತೆಗೆದವು. ನಾನು ತೈಲ ಶುದ್ಧೀಕರಣ ಘಟಕವೊಂದರಲ್ಲಿ ಬಹಳ ವರ್ಷ ಎಂಜಿನಿಯರ್ ಆಗಿದ್ದವನು. ವಿದ್ಯಾರ್ಥಿ ದೆಸೆಯಿಂದಲೂ ಈ ಕಲ್ಲು ನನ್ನ ತಲೆಯಲ್ಲಿ ಕುಳಿತಿದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಟೆಕ್ಸಾಸ್, ನಾರ್ತ್ ಡಕೋಟಾಗಳಲ್ಲಿ ಈಗ ತೆಗೆಯುತ್ತಿರುವ 'ಶೇಲ್ ಆಯಿಲ್' ಬೇರೆ. ಅದು ಬಿಗಿಯಾದ ಕಲ್ಲಿನಲ್ಲಿ ಸಿಕ್ಕಿಕೊಂಡ ನಿಜವಾದ ದ್ರವ. ಒತ್ತಡದ ನೀರಿನಿಂದ ಕಲ್ಲನ್ನು ಸೀಳಿದರೆ ಹರಿದು ಬರುತ್ತದೆ. 'ಆಯಿಲ್ ಶೇಲ್'ನಲ್ಲಿ ಎಣ್ಣೆಯೇ ಇಲ್ಲ. ಅಲ್ಲಿರುವುದು ಕೆರೋಜೆನ್ ಎಂಬ ಗಟ್ಟಿ ಸಾವಯವ ಪದಾರ್ಥ. ಭೂಮಿಯ ಆಳದ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದಿದ್ದರೆ ಅದು ಎಣ್ಣೆಯಾಗುತ್ತಿತ್ತು, ಆದರೆ ಅಷ್ಟು ಆಳಕ್ಕೆ ಇಳಿಯಲಿಲ್ಲ. ಬೇಯಿಸುವ ಕೆಲಸ ನಮಗೆ ಉಳಿದಿದೆ, ಸೌದೆಯ ಖರ್ಚೂ ನಮ್ಮದೇ.

ಕೊಲೊರಾಡೊ, ಯೂಟಾ, ವಯೋಮಿಂಗ್ ರಾಜ್ಯಗಳಲ್ಲಿ ಹರಡಿರುವ ಗ್ರೀನ್ ರಿವರ್ ಶಿಲಾಸ್ತರದಲ್ಲಿ 4 ಲಕ್ಷ ಕೋಟಿ ಬ್ಯಾರಲ್‌ಗೂ ಹೆಚ್ಚು ಎಣ್ಣೆಯಾಗುವಷ್ಟು ಕೆರೋಜೆನ್ ಇದೆ ಎಂದು ಅಮೆರಿಕದ ಭೂವಿಜ್ಞಾನ ಇಲಾಖೆಯೇ ಅಂದಾಜಿಸಿದೆ. ನೀವು ಓದಿದ್ದು ಆ ಅಂಕಿಯನ್ನೇ ಇರಬೇಕು. ಅಂಕಿ ಸರಿ. ಆದರೆ ಅದು ಕಲ್ಲಿನಲ್ಲಿ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಕೈಗೆ ಎಷ್ಟು ಬರುತ್ತದೆ ಎಂದಲ್ಲ. ಒಳ್ಳೆಯ ದರ್ಜೆಯ ಒಂದು ಟನ್ ಕಲ್ಲಿನಿಂದ ಹೆಚ್ಚುಕಡಿಮೆ 100 ಲೀಟರ್ ಎಣ್ಣೆ ಬರುತ್ತದೆ. ಒಂದು ಬ್ಯಾರಲ್ ಎಂದರೆ 159 ಲೀಟರ್. ಅಂದರೆ ಒಂದೂವರೆ ಟನ್ ಕಲ್ಲನ್ನು ಅಗೆದು, ಪುಡಿ ಮಾಡಿ, ಗಾಳಿಯಿಲ್ಲದ ಕುಲುಮೆಯಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸಬೇಕು. ಉಳಿದ ಕಲ್ಲನ್ನು ತೆಗೆದ ಗುಂಡಿಗೇ ತುಂಬೋಣವೆಂದರೆ ಅದೂ ಆಗದು. ಹುರಿದ ಜೋಳ ಅರಳಾಗುವಂತೆ ಕಲ್ಲು ಉಬ್ಬಿರುತ್ತದೆ, ಗುಂಡಿ ಸಾಲುವುದಿಲ್ಲ. ಆ ಗುಡ್ಡೆಯ ಮೇಲೆ ಮಳೆ ಬಿದ್ದರೆ ಲವಣಗಳು ಕರಗಿ ಹೊಳೆ ಸೇರುತ್ತವೆ. ಅಲ್ಲಿನ ಹೊಳೆಗಳೆಲ್ಲ ಹೋಗಿ ಸೇರುವುದು ಕೋಟ್ಯಂತರ ಜನ ನೆಚ್ಚಿಕೊಂಡಿರುವ, ಈಗಾಗಲೇ ಬತ್ತುತ್ತಿರುವ ಕೊಲೊರಾಡೊ ನದಿಗೆ.

ನನ್ನ ಕಸುಬಿನ ಮಾತೊಂದನ್ನು ಸೇರಿಸುತ್ತೇನೆ. ಹೀಗೆ ಬರುವ ಎಣ್ಣೆಯಲ್ಲಿ ಸಾರಜನಕ ವಿಪರೀತ, ಜೊತೆಗೆ ಆರ್ಸೆನಿಕ್. ಇವೆರಡೂ ಶುದ್ಧೀಕರಣ ಘಟಕದ ವೇಗವರ್ಧಕವನ್ನು ಕೆಡಿಸುತ್ತವೆ. ಆರ್ಸೆನಿಕ್ಕನ್ನು ತೆಗೆದು, ಬಳಿಕ ಹೈಡ್ರೋಜನ್ ಹಾಯಿಸಿ ಸ್ವಚ್ಛಗೊಳಿಸದೆ ಯಾವ ಘಟಕವೂ ಅದನ್ನು ಒಳಗೆ ಬಿಟ್ಟುಕೊಳ್ಳಲಾರದು. ಪತ್ರಿಕೆಗಳ ಲೆಕ್ಕಾಚಾರದಲ್ಲಿ ಈ ಖರ್ಚು ಕಾಣಿಸುವುದೇ ಅಪರೂಪ.

ಈಗ ಬೆಲೆಯ ವಿಷಯ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕ ಸರ್ಕಾರ ಕಲ್ಲು, ಕಲ್ಲಿದ್ದಲುಗಳಿಂದ ಮಾಡುವ ಕೃತಕ ಇಂಧನಗಳಿಗೆ ದೊಡ್ಡ ಬೆಂಬಲ ಘೋಷಿಸಿತು. 1980ರಲ್ಲಿ ಎಕ್ಸಾನ್ ಕಂಪನಿ ಕೊಲೊರಾಡೊದ ಪ್ಯಾರಾಶೂಟ್ ಎಂಬ ಪುಟ್ಟ ಊರಿನ ಬಳಿ ಆಯಿಲ್ ಶೇಲ್‌ನಿಂದ ಎಣ್ಣೆ ತೆಗೆಯುವ ಕಾಲೊನಿ ಯೋಜನೆಯಲ್ಲಿ ಪಾಲು ಕೊಂಡಿತು. ಜನ ಬಂದರು, ಅವರಿಗಾಗಿ ಬ್ಯಾಟಲ್‌ಮೆಂಟ್ ಮೇಸಾ ಎಂಬ ಹೊಸ ಪಟ್ಟಣವೇ ಎದ್ದಿತು. ಅತ್ತ ಯೋಜನೆಯ ಅಂದಾಜು ವೆಚ್ಚ ಏರುತ್ತಲೇ ಹೋಯಿತು, ಇತ್ತ ತೈಲದ ಬೆಲೆ ಇಳಿಯತೊಡಗಿತು. 1982ರ ಮೇ 2ರಂದು ಎಕ್ಸಾನ್ ಯೋಜನೆಯನ್ನು ಕೈಬಿಟ್ಟಿತು. 2,000ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅಂದು ಭಾನುವಾರ, ಆ ಸೀಮೆಯವರು ಇಂದಿಗೂ ಅದನ್ನು 'ಕರಾಳ ಭಾನುವಾರ' ಎನ್ನುತ್ತಾರೆ. ಕಾರ್ಮಿಕರಿಗೆಂದು ಕಟ್ಟಿದ ಪಟ್ಟಣ ಮುಂದೆ ನಿವೃತ್ತರ ಬಡಾವಣೆಯಾಯಿತು. ನನಗೆ ಈ ಕಥೆಯಲ್ಲಿ ಬೇಸರ ತರಿಸುವುದು ಕಂಪನಿಯ ನಷ್ಟವಲ್ಲ. ಆ ಊರನ್ನು ನಂಬಿ ಸಾಲ ಮಾಡಿ ಅಂಗಡಿ ತೆರೆದವರ ಪಾಡು. ಇಂಥ ಘಟಕ ಕಟ್ಟಿ ಮುಗಿಸಲು ವರ್ಷಗಳೇ ಬೇಕು. ತೈಲದ ಬೆಲೆ ಅಷ್ಟು ದಿನ ಕಾಯುವುದಿಲ್ಲ.

ಬಳಿಕ ಶೆಲ್ ಕಂಪನಿ ಬೇರೆ ದಾರಿ ಹಿಡಿಯಿತು. ಕಲ್ಲನ್ನು ಅಗೆಯದೆ, ನೆಲಕ್ಕೆ ವಿದ್ಯುತ್ ಹೀಟರ್‌ಗಳನ್ನು ಇಳಿಸಿ, ಇದ್ದಲ್ಲೇ ಸುಮಾರು 350 ಡಿಗ್ರಿಗೆ ವರ್ಷಗಟ್ಟಲೆ ಕಾಯಿಸುವುದು. ಅಂತರ್ಜಲ ಒಳಗೆ ನುಗ್ಗದಂತೆ ಸುತ್ತಲಿನ ನೆಲವನ್ನು ಹೆಪ್ಪುಗಟ್ಟಿಸಿ ಮಂಜುಗಡ್ಡೆಯ ಗೋಡೆ ಕಟ್ಟುವುದು. ಅದ್ಭುತವಾದ ಎಂಜಿನಿಯರಿಂಗ್! ಪ್ರಯೋಗದಲ್ಲಿ ಒಳ್ಳೆಯ ಎಣ್ಣೆಯೂ ಬಂತು. ಆದರೆ ಒಂದು ಪಾಲು ವಿದ್ಯುತ್ತಿಗೆ ಸ್ಥಾವರದಲ್ಲಿ ಸುಮಾರು ಮೂರು ಪಾಲು ಇಂಧನ ಉರಿಯಬೇಕು. ನಾನು ಲೆಕ್ಕ ಹಾಕಿದಂತೆ, ಬರುವ ಎಣ್ಣೆಯ ಶಕ್ತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಾಯಿಸುವುದಕ್ಕೇ ಹೋಗುತ್ತದೆ. ಹೀಗಾಗಿ ತೈಲದ ಬೆಲೆ ಏರಿದಾಗ ಇಂಧನ, ಉಕ್ಕು, ಸಾಗಣೆಗಳ ಬೆಲೆಯೂ ಏರಿ, ಎಣ್ಣೆ ತೆಗೆಯುವ ಖರ್ಚೇ ಮೇಲೆ ಹೋಗುತ್ತದೆ. ನೀವು ಹೇಳುವ 100 ಡಾಲರಿನ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ದೊಡ್ಡ ತೈಲ ಕಂಪನಿ ಶೆವ್ರಾನ್ ಈ ಕೆಲಸದಿಂದ 2012ರಲ್ಲಿ ಕಾಲ್ತೆಗೆಯಿತು, ಶೆಲ್ 2013ರಲ್ಲಿ. ಆಗ ಜಾಗತಿಕ ಬೆಲೆಗೆ ಅಳತೆಗೋಲಾದ ಬ್ರೆಂಟ್ ಕಚ್ಚಾ ತೈಲದ ಬೆಲೆ 100 ಡಾಲರ್‌ಗಿಂತ ಮೇಲಿತ್ತು. ಅದೇ ಹಣವನ್ನು ಟೆಕ್ಸಾಸ್‌ನ ಶೇಲ್ ಆಯಿಲ್ ಬಾವಿಗೆ ಹಾಕಿದರೆ ಕೆಲವೇ ತಿಂಗಳಲ್ಲಿ ಎಣ್ಣೆ ಬರುತ್ತಿದ್ದಾಗ, ಕಲ್ಲು ಬೇಯಿಸುತ್ತ ಕೂರುವ ಹೂಡಿಕೆದಾರ ಎಲ್ಲಿ ಸಿಗುತ್ತಾನೆ?

ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲಾದರೋ ಈ ಕಲ್ಲು ನೂರು ವರ್ಷದಿಂದ ಬಳಕೆಯಲ್ಲಿದೆ. ಅಲ್ಲಿನ ಕುಕರ್ಸೈಟ್ ಹೆಚ್ಚು ಸಾರವುಳ್ಳ ಕಲ್ಲು, ಸ್ವಂತ ಕಲ್ಲಿದ್ದಲಾಗಲಿ ತೈಲವಾಗಲಿ ಆ ದೇಶಕ್ಕಿರಲಿಲ್ಲ. ಬಹುಪಾಲನ್ನು ಎಣ್ಣೆ ಮಾಡುವ ಗೋಜಿಗೆ ಹೋಗದೆ ನಾರ್ವಾ ನಗರದ ಬಳಿಯ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನಂತೆ ನೇರವಾಗಿ ಸುಟ್ಟರು. ಒಂದು ಕಾಲಕ್ಕೆ ದೇಶದ ವಿದ್ಯುತ್ತಿನ ಶೇ. 90ಕ್ಕೂ ಹೆಚ್ಚು ಭಾಗ ಅದರಿಂದಲೇ ಬರುತ್ತಿತ್ತು. ಸುಟ್ಟ ಕಲ್ಲಿನ ಅರ್ಧದಷ್ಟು ಬೂದಿಯಾಗಿ ಉಳಿದು ಆ ಸೀಮೆಯಲ್ಲಿ ಗುಡ್ಡಗಳಾಗಿವೆ. ಯುರೋಪಿಯನ್ ಒಕ್ಕೂಟ ಇಂಗಾಲದ ಹೊಗೆಗೆ ಬೆಲೆ ಕಟ್ಟಿ, ಆ ಬೆಲೆ ಏರಿದ ಮೇಲೆ ಅಲ್ಲಿನ ಸ್ಥಾವರಗಳೂ ಮೊದಲಿನಷ್ಟು ಉರಿಯುತ್ತಿಲ್ಲ.