ಟ್ರ್ಯಾಕ್ ಡೇ ಡೇಟಾ ಮತ್ತೆ ವೀಡಿಯೋ ನೋಡೋದು ಹೇಗೆ

ಬ್ರೋ, ನಿಮ್ಮ ಪೋಸ್ಟ್ ಓದ್ದೆ. ಟ್ರ್ಯಾಕ್ ಡೇಗೆ, ಅಂದ್ರೆ ಸ್ವಂತ ಕಾರನ್ನ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನಕ್ಕೆ, ಮದ್ರಾಸ್ ಟ್ರ್ಯಾಕಿಗೆ ಪೋಲೋ ಕಾರು ತಗೊಂಡು ಹೋಗ್ತೀರ, ಗೋಪ್ರೋ ಕ್ಯಾಮೆರಾ ಇದೆ, ಫೋನಲ್ಲಿ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಟೈಮ್ ಅಳೆಯೋ ಆಪ್ ರೇಸ್‌ಕ್ರೋನೋ ಇದೆ, ಆದ್ರೂ ಲ್ಯಾಪ್ ಟೈಮ್ ಅಲ್ಲೇ ನಿಂತಿದೆ, ಗ್ರಾಫ್ ನೋಡಿದ್ರೆ ತಲೆಬುಡ ಅರ್ಥ ಆಗ್ತಿಲ್ಲ ಅಂದ್ರಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಜಿಪಿಎಸ್ ಸರಿ ಮಾಡ್ಕೊಳ್ಳಿ. ಫೋನಿನದ್ದು ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಜಾಗ ಗುರುತಿಸುತ್ತೆ, ಗಂಟೆಗೆ 144 ಕಿ.ಮೀ. ಸ್ಪೀಡಲ್ಲಿ ಹೋಗೋ ಕಾರು ಸೆಕೆಂಡಿಗೆ 40 ಮೀಟರ್ ಹೋಗುತ್ತಲ್ಲ, ಅಂದ್ರೆ ನೀವು ಬ್ರೇಕ್ ಹಿಡಿಯೋಕೆ ಶುರು ಮಾಡಿದ್ದು ಎಲ್ಲಿ ಅಂತಾನೇ ಗೊತ್ತಾಗಲ್ಲ. 10 ಹರ್ಟ್ಸ್ (ಸೆಕೆಂಡಿಗೆ 10 ಸಲ) ಜಿಪಿಎಸ್ ರಿಸೀವರ್ ಆದ್ರೆ 4 ಮೀಟರಿಗೊಂದು ಚುಕ್ಕೆ, ರೇಸ್‌ಬಾಕ್ಸ್ ಮಿನಿ ಥರ 25 ಹರ್ಟ್ಸಿಂದು ಆದ್ರೆ ಎರಡು ಮೀಟರಿಗಿಂತ ಕಮ್ಮಿ. ಎಕ್ಸಾಸ್ಟಿಗೆ ಹಾಕೋ ದುಡ್ಡು ಇದಕ್ಕೆ ಹಾಕಿ, ನಿಜವಾಗ್ಲೂ ಹೇಳ್ತಿದೀನಿ.

ಈಗ ಗ್ರಾಫ್. ಕೆಳಗಿನ ಅಡ್ಡಗೆರೆಗೆ ಟೈಮ್ ಅಲ್ಲ, ದೂರ ಇಟ್ಕೊಳ್ಳಿ, ಆಗ ಎರಡು ಲ್ಯಾಪು ಒಂದರ ಮೇಲೊಂದು ಸರಿಯಾಗಿ ಕೂರುತ್ತೆ. ನಿಮ್ಮ ಬೆಸ್ಟ್ ಲ್ಯಾಪು, ಅದೇ ಸೆಷನ್ನಿನ ಇನ್ನೊಂದು ಲ್ಯಾಪು, ಅಷ್ಟೇ ಸಾಕು. ಡೆಲ್ಟಾ ಗೆರೆ (ಬೆಸ್ಟ್ ಲ್ಯಾಪಿಗಿಂತ ಎಷ್ಟು ಟೈಮ್ ಹಿಂದಿದೀರ ಅಂತ ತೋರಿಸೋದು) ನೋಡುವಾಗ ಎಲ್ಲರೂ ಗ್ಯಾಪ್ ಜಾಸ್ತಿ ಇರೋ ಜಾಗ ನೋಡ್ತಾರೆ, ಅದಲ್ಲ, ಗೆರೆ ಏರೋಕೆ ಶುರುವಾಗೋ ಜಾಗ ನೋಡ್ಬೇಕು, ಟೈಮ್ ಹೋಗೋಕೆ ಶುರುವಾಗೋದು ಅಲ್ಲಿ. ಎಷ್ಟೋ ಸಲ ಸ್ಟ್ರೇಟಲ್ಲಿ ಟೈಮ್ ಹೋಗ್ತಿದೆ ಅನ್ಸುತ್ತೆ, ಕಾರಣ ಮಾತ್ರ ಹಿಂದಿನ ಕಾರ್ನರ್ ಎಕ್ಸಿಟ್ಟಲ್ಲಿ (ತಿರುವಿಂದ ಹೊರಬರೋ ಜಾಗದಲ್ಲಿ) ಇರುತ್ತೆ. 500 ಮೀಟರ್ ಸ್ಟ್ರೇಟಲ್ಲಿ ಸರಾಸರಿ 120 ಬದಲು 122 ಇದ್ರೆ ಕಾಲು ಸೆಕೆಂಡ್ ಉಳೀತು, ಅದೂ ಒಂದೇ ಕಡೆ.

ಆಮೇಲೆ ಸ್ಪೀಡ್ ಗೆರೆಯ ತುದಿ ನೋಡಿ. ಬ್ರೇಕಿಗೆ ಮುಂಚೆ ಅದು ಚೂಪಾಗಿದ್ರೆ ಓಕೆ, ಗುಂಡಗಿದ್ರೆ ನೀವು ಆಕ್ಸಿಲರೇಟರ್ ಬಿಟ್ಟು ಬ್ರೇಕೂ ಹಿಡೀದೆ ಸುಮ್ನೆ ಉರುಳ್ತಿದೀರ. ಹೊಸಬರಲ್ಲಿ ನಾನು ಅತೀ ಹೆಚ್ಚು ನೋಡೋದು ಇದೇ. ಇನ್ನೊಂದು, ಬ್ರೇಕ್ ಮೆಲ್ಲಗೆ ಶುರು ಮಾಡಿ ಕಾರ್ನರ್ ಹತ್ರ ಬಂದ್ಮೇಲೆ ಭಯಕ್ಕೆ ಜೋರಾಗಿ ಒತ್ತೋದು. ಉಲ್ಟಾ ಆಗ್ಬೇಕು, ಶುರುನಲ್ಲೇ ಗಟ್ಟಿಯಾಗಿ, ಸ್ಟೀರಿಂಗ್ ತಿರುಗಿಸ್ತಾ ತಿರುಗಿಸ್ತಾ ನಿಧಾನಕ್ಕೆ ಬಿಡ್ತಾ ಹೋಗ್ಬೇಕು. ಆದ್ರೆ ದಯವಿಟ್ಟು ಡೇಟಾ ನೋಡಿ ‘ಇನ್ನೂ ಲೇಟಾಗಿ ಬ್ರೇಕ್ ಹಿಡೀತೀನಿ’ ಅಂತ ಹೊರಡ್ಬೇಡಿ. ಲೇಟ್ ಬ್ರೇಕಲ್ಲಿ ಸಿಗೋದು ಚೂರು, ಕಾರ್ನರ್ ತಪ್ಪಿದ್ರೆ ಎಕ್ಸಿಟ್ಟೂ ಹೋಯ್ತು, ಕಾರು ಗ್ರ್ಯಾವೆಲ್ಲಿಗೂ ಹೋಗ್ಬಹುದು.

ಡೇಟಾ ಎಲ್ಲಿ ಅಂತ ತೋರಿಸುತ್ತೆ ಅಷ್ಟೇ, ಯಾಕೆ ಅನ್ನೋದಕ್ಕೆ ವೀಡಿಯೋ ಬೇಕು. ಕ್ಯಾಮೆರಾ ಬಾನೆಟ್ ಮೇಲೆ ಬೇಡ, ಎರಡೂ ಸೀಟಿನ ಮಧ್ಯೆ ಹಿಂದಕ್ಕೆ ಗಟ್ಟಿಯಾಗಿ ಕಟ್ಟಿ, ಕೈ, ಸ್ಟೀರಿಂಗ್, ಮುಂದಿನ ರೋಡ್ ಮೂರೂ ಕಾಣ್ಬೇಕು. ಸ್ಟೆಬಿಲೈಸೇಶನ್ ಆಫ್ ಮಾಡಿ, ಇಲ್ಲಾಂದ್ರೆ ಕಾರು ಜಾರಿದ್ದೂ ನೀಟಾಗಿ ಮುಚ್ಚಿಹೋಗುತ್ತೆ. ಡೆಲ್ಟಾ ಏರಿದ ಜಾಗಕ್ಕೆ ಹೋಗಿ ಕೈ ಮಾತ್ರ ನೋಡಿ: ಒಂದೇ ಸಲ ತಿರುಗಿಸಿದ್ರಾ, ಅಥವಾ ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸಿದ್ರಾ? ಎರಡನೇದಾದ್ರೆ ಬೇಗ ಒಳಗೆ ನುಗ್ಗಿ ಎಕ್ಸಿಟ್ಟಲ್ಲಿ ಜಾಗ ಸಾಲದೆ ಕಾಯ್ತಿದೀರ ಅಂತ.

ಆಪ್ ತೋರಿಸೋ ಥಿಯರೆಟಿಕಲ್ ಬೆಸ್ಟ್ (ಟ್ರ್ಯಾಕಿನ ಒಂದೊಂದು ಭಾಗದ, ಅಂದ್ರೆ ಸೆಕ್ಟರಿನ, ಬೆಸ್ಟ್ ಟೈಮ್ ಕೂಡಿಸಿದ್ದು) ನಂಬ್ಕೋಬೇಡಿ, ಒಂದು ಸೆಕ್ಟರಲ್ಲಿ ನುಗ್ಗಿದ ಲ್ಯಾಪು ಮುಂದಿನ ಸೆಕ್ಟರನ್ನ ಕೆಡಿಸಿರುತ್ತೆ, ಅದು ಲೆಕ್ಕಕ್ಕೇ ಬರಲ್ಲ. ಓಡಿಸ್ತಾನೇ ಸ್ಕ್ರೀನಲ್ಲಿ ಲೈವ್ ಡೆಲ್ಟಾ ನೋಡೋದೂ ಈಗ್ಲೇ ಬೇಡ, ಕಣ್ಣು ರೋಡಿಂದ ಇಳಿಯುತ್ತೆ.

ಟ್ರ್ಯಾಕಲ್ಲಿ 12 ಕಾರ್ನರ್ ಇದೆ ಅಂತ ಹನ್ನೆರಡೂ ಸರಿ ಮಾಡೋಕೆ ಹೋಗ್ಬೇಡಿ. ಎರಡು ಸೆಷನ್ ಮಧ್ಯದ ಬಿಡುವಲ್ಲಿ ಒಂದು ಕಾರ್ನರ್, ಒಂದೇ ಬದಲಾವಣೆ, ಪೇಪರಲ್ಲಿ ಬರ್ಕೊಂಡು ಹೋಗಿ, ವಾಪಸ್ ಬಂದು ಅದೊಂದೇ ಚೆಕ್ ಮಾಡಿ. ಮನೇಲಿ ರೇಸಿಂಗ್ ಸಿಮ್ಯುಲೇಟರ್ ಇದ್ರೆ ಅಸೆಟ್ಟೋ ಕೋರ್ಸಾ ಕಾಂಪಿಟಿಜಿಯೋನೆ ಗೇಮು ಮೋಟೆಕ್ (ರೇಸ್ ಡೇಟಾ ನೋಡೋ ಸಾಫ್ಟ್‌ವೇರ್) ಫೈಲ್ ಕೊಡುತ್ತೆ, ಗ್ರಾಫ್ ಓದೋದು ಅದರಲ್ಲೇ ಕಲೀಬಹುದು.

ಮುಂದಿನ ಸಲ ಹೋಗಿ ಬಂದ್ಮೇಲೆ ಎರಡು ಲ್ಯಾಪಿನ ಫೈಲು ವೀಡಿಯೋ ಸಮೇತ ಗುಂಪಿಗೆ ಹಾಕಿ, ಟೈರ್ ಬಿಸಿ ಇದ್ದಾಗಿನ ಪ್ರೆಷರ್ ಎಷ್ಟಿತ್ತು ಅಂತಾನೂ ಬರೀರಿ, ಕೂತು ನೋಡೋಣ.