ಅವ್ವನ ಸೀರೆಗೆ ಕೋರಾ ಬಟ್ಟೆಯ ತೇಪೆ

ಪ್ರಶ್ನೆ: ನಮ್ಮ ಅವ್ವ ತೀರಿಕೊಂಡು ಒಂದು ವರ್ಷವಾಯಿತು. ಅವರ ಒಂಬತ್ತು ಇಳಕಲ್ ಸೀರೆಗಳು ನನ್ನ ಬಳಿ ಇವೆ. ಹಳೆಬಟ್ಟೆಗೆ ಪಾತ್ರೆ ಕೊಡುವ ಬೋಹಾರೀಣಳ ಬುಟ್ಟಿಗೆ ಅವುಗಳನ್ನು ಹಾಕಲು ಮನಸ್ಸಾಗದೆ ಕೌದಿ ಹೊಲಿಯಬೇಕೆಂದುಕೊಂಡೆ. ಚರ್ಚಿನಲ್ಲಿ ಮಗಳ ದೃಢೀಕರಣ ಸಂಸ್ಕಾರಕ್ಕೆಂದು ಫ್ರಾಕು ಹೊಲಿಸಿ ಉಳಿದ ಬಿಳಿಯ ಹೊಸ ಬಟ್ಟೆಯನ್ನು ಅಂಚಿಗೂ, ನಡುವೆ ಒಂದು ಶಿಲುಬೆಯನ್ನೂ ಹಚ್ಚುವ ಆಸೆ. ಆದರೆ ಹಳೆಯ ಬಟ್ಟೆಗೆ ಹೊಸದರ ತೇಪೆ ಹಾಕಬಾರದೆಂದು ಯೇಸುಸ್ವಾಮಿಯೇ ಹೇಳಿದ್ದಾರೆ, ಮೇಲಾಗಿ ಶಿಲುಬೆಯನ್ನು ಹೊದ್ದು ಮಲಗುವುದು ತಪ್ಪು ಎಂದು ನಮ್ಮ ಪ್ರಾರ್ಥನಾಕೂಟದ ಹಿರಿಯರೊಬ್ಬರು ಎಚ್ಚರಿಸಿದರು. ಅಂದಿನಿಂದ ಕತ್ತರಿ ಹಿಡಿಯಲು ಕೈ ಬರುತ್ತಿಲ್ಲ.
ಓದುಗರೊಬ್ಬರು, ಖಡಕಿ, ಪುಣೆ

ಉತ್ತರ: ಹಿರಿಯರು ನೆನಪಿಸಿದ ವಚನ ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದ 21ನೆಯದು. ಮೂರು ವಚನ ಹಿಂದಕ್ಕೆ ಹೋಗಿ ಓದಿದರೆ, ಸ್ನಾನಿಕ ಯೋಹಾನನ ಶಿಷ್ಯರೂ ಫರಿಸಾಯರೆಂಬ ಯೆಹೂದಿ ಪಂಥದವರ ಶಿಷ್ಯರೂ ಉಪವಾಸವಿರುವಾಗ ನಿನ್ನ ಶಿಷ್ಯರೇಕೆ ಇರುವುದಿಲ್ಲವೆಂದು ಕೇಳಿದವರಿಗೆ ಯೇಸು ಕೊಟ್ಟ ಉತ್ತರದಲ್ಲಿ ಈ ಮಾತು ಬಂದಿರುವುದು ಕಾಣುತ್ತದೆ. ಅಲ್ಲಿ ಚರ್ಚೆ ಉಪವಾಸದ್ದು. ಹೊಲಿಗೆಗೆ ಯಾರೂ ನಿಷೇಧ ಹಾಕಿಲ್ಲ. ಆದರೆ ಉಪಮೆ ಕೊಟ್ಟವರಿಗೆ ಬಟ್ಟೆಯ ಗುಣ ಚೆನ್ನಾಗಿ ತಿಳಿದಿತ್ತು ಎಂಬುದನ್ನು ಸೂಜಿ ಹಿಡಿದವರು ಒಪ್ಪಲೇಬೇಕು. ಮೂಲ ಗ್ರೀಕಿನ ಪದ ಸೂಚಿಸುವುದು ಇನ್ನೂ ಹದ ಮಾಡದ ಬಟ್ಟೆಯನ್ನು, ನಮ್ಮ ಮಾತಿನಲ್ಲಿ ಹೇಳುವುದಾದರೆ ನೀರು ಕಾಣದ ಕೋರಾ ಬಟ್ಟೆಯನ್ನು. ನೂರಾರು ಸಲ ಒಗೆಸಿಕೊಂಡ ಸೀರೆ ಇನ್ನು ಕುಗ್ಗುವುದಿಲ್ಲ. ಕೋರಾ ತೇಪೆಯಾದರೋ ಮೊದಲ ಒಗೆತಕ್ಕೇ ಕುಗ್ಗಿ, ಸುತ್ತಲಿನ ಸವೆದ ಎಳೆಗಳನ್ನು ಜಗ್ಗಿ, ಹೊಲಿಗೆಯ ಗುಂಟ ಸೀರೆಯನ್ನು ಹರಿಯುತ್ತದೆ. ನಾನು ಒಮ್ಮೆ ಅವಸರದಲ್ಲಿ ಒಗೆಯದ ಕೆಂಪು ಬಟ್ಟೆಯನ್ನು ಅಂಚಿಗಿಟ್ಟು ಹೊಲಿದಿದ್ದೆ. ಕೌದಿ ಒಣಗುವಷ್ಟರಲ್ಲಿ ನಾಲ್ಕೂ ಅಂಚು ಕರಿದ ಹಪ್ಪಳದಂತೆ ಮುದುರಿ, ಕೆಂಪು ಬಣ್ಣ ಬಿಳಿಯ ಧೋತರದ ತೇಪೆಗಳಿಗೆಲ್ಲ ಇಳಿದಿತ್ತು.

ಆದ್ದರಿಂದ ಮಗಳ ಬಟ್ಟೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬಿಸಿಲಿಗೆ ಒಣಗಿಸಿ, ಇನ್ನೊಮ್ಮೆ ಹಾಗೆಯೇ ಮಾಡಿ, ಆಮೇಲೆ ಕತ್ತರಿಸಿ. ಅದು ಪಾಲಿಯೆಸ್ಟರ್ ಸ್ಯಾಟಿನ್ ಆಗಿದ್ದರೆ ಕುಗ್ಗುವ ಭಯ ಕಡಿಮೆ, ಎಳೆ ಬಿಚ್ಚಿಕೊಳ್ಳುವ ಭಯ ಹೆಚ್ಚು. ಅಂಚನ್ನು ಧಾರಾಳವಾಗಿ ಒಳಮಡಚಬೇಕು. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಿರುವುದರಿಂದ ಎರಡೂ ಒಂದೇ ರೀತಿ ಸವೆಯುವುದಿಲ್ಲ. ಟೋಪು ತೆನಿ ಎಂಬ ವಿನ್ಯಾಸದ ಆ ಸೆರಗನ್ನು ಎದೆಯ ಮೇಲೆ ಬರುವ ಕಡೆಗೆ ಇಡಿ. ಕಾಲದೆಸೆಯಲ್ಲಿಟ್ಟರೆ ಹಿಮ್ಮಡಿ ಉಜ್ಜಿ ಬೇಗ ಪಿಸಿಯುತ್ತದೆ. ಒಂಬತ್ತನ್ನೂ ಒಂದೇ ಕೌದಿಗೆ ತುಂಬಬೇಡಿ. ಮೂರು ನಾಲ್ಕು ಸಾಕು. ನೀರು ಕುಡಿದ ದಪ್ಪ ಕೌದಿಯನ್ನು ಹಿಂಡಲು ಇಬ್ಬರು ಬೇಕು, ಒಣಹಾಕಲು ಫ್ಲ್ಯಾಟಿನ ಬಾಲ್ಕನಿ ಸಾಲದು.

ಶಿಲುಬೆಯ ವಿಷಯ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿಯರ ಕೌದಿಗಳನ್ನು ನೋಡಿ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರ ಸಂತತಿಯವರು ಆ ಸಮುದಾಯದಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಉಂಟು. ಹೆಂಗಸರು ಒಂದು ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಕೂರಿಸದಿದ್ದರೆ ಕೌದಿ ಬೆತ್ತಲೆಯೆಂದೇ ಅವರ ಎಣಿಕೆ. ಕ್ರೈಸ್ತ ಮನೆಗಳ ಕೌದಿಗಳಲ್ಲಿ ಶಿಲುಬೆ ಕಾಣಿಸುವುದುಂಟು, ಮತ್ತು ಅವುಗಳ ಮೇಲೆ ಎಳೆಗೂಸುಗಳನ್ನು ಮಲಗಿಸುತ್ತಾರೆ. ಅದರಲ್ಲಿ ಅಗೌರವವನ್ನು ಕಾಣಲು ನನಗಂತೂ ಆಗುವುದಿಲ್ಲ. ಕಾಲು ತಾಗೀತೆಂಬುದೇ ಅಳುಕಾದರೆ ಶಿಲುಬೆಯನ್ನು ನಡುವೆ ಇಡುವ ಬದಲು ತಲೆದೆಸೆಗೆ ಹಚ್ಚಿ, ಹಿರಿಯರಿಗೂ ಸಮಾಧಾನವಾದೀತು.

ಇನ್ನು ಕತ್ತರಿ. ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ, ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಅಳುತ್ತ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಆಕೆ ತಮ್ಮೊಂದಿಗಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಬಟ್ಟೆಗಳನ್ನೂ. ಬಟ್ಟೆ ಹಿಡಿದು ಅತ್ತವರಲ್ಲಿ ನೀವು ಮೊದಲಿಗರಲ್ಲ. ಎಲ್ಲಕ್ಕಿಂತ ಹೆಚ್ಚು ಹರಿದಿರುವ ಸೀರೆಯಿಂದ ಪ್ರಾರಂಭಿಸಿ, ಕೈ ಅಷ್ಟು ನಡುಗದು.

ಪ್ರಶ್ನೆ: ಮುಂಬಯಿಯಲ್ಲಿ ಚಳಿಯೇ ಇಲ್ಲದಿರುವಾಗ ಕೌದಿ ಹೊಲಿದು ಏನು ಮಾಡುವುದು?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ಹಾಸಿಕೊಳ್ಳುವುದು. ನಿಮ್ಮ ನೆರೆಯ ಮರಾಠಿ ಮನೆಗಳಲ್ಲಿ ಗೋಧಡಿಯನ್ನು, ಅಂದರೆ ಅವರ ಕೌದಿಯನ್ನು, ಹೊದೆಯುವಂತೆಯೇ ಹಾಸುವುದೂ ಉಂಟು. ಎರಡೇ ಪದರಿನದಾದರೆ ಸೆಕೆಯಲ್ಲೂ ಮೈಗೆ ಹಿತ.

ಪ್ರಶ್ನೆ: ವಾರವಿಡೀ ಕಚೇರಿಯ ಕೆಲಸ. ಭಾನುವಾರ ಆರಾಧನೆ ಮುಗಿಸಿ ಬಂದು ಕೌದಿ ಹಿಡಿದರೆ, ಕರ್ತನ ದಿನ ಸೂಜಿ ಮುಟ್ಟಬಾರದೆಂದು ಅತ್ತೆ ಬೇಸರಿಸುತ್ತಾರೆ. ಯಾರು ಸರಿ?
ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಅತ್ತೆಯವರ ಬೆನ್ನಿಗೆ, ಸಬ್ಬತ್ತಿನಲ್ಲಿ ಅಂದರೆ ವಿಶ್ರಾಂತಿಯ ದಿನದಲ್ಲಿ ಕೆಲಸ ಮಾಡಬಾರದೆನ್ನುವ ವಿಮೋಚನಕಾಂಡದ 20ನೆಯ ಅಧ್ಯಾಯವಿದೆ, ನಿಮ್ಮ ಬೆನ್ನಿಗೆ, ಮೇಲೆ ಹೇಳಿದ ಮಾರ್ಕನ ಅದೇ ಅಧ್ಯಾಯದ 27ನೆಯ ವಚನ, ಸಬ್ಬತ್ತು ಮನುಷ್ಯನಿಗಾಗಿ ಉಂಟಾಯಿತೆಂಬುದು. ಕೂಲಿಗೆ ಹೊಲಿಯುವವರಾಗಿದ್ದರೆ ಆ ದಿನ ಬಿಡಿ ಎನ್ನುತ್ತಿದ್ದೆ. ನಿಮಗೆ ಅದು ವಿಶ್ರಾಂತಿಯಾದ್ದರಿಂದ ನನ್ನ ಮನಸ್ಸು ನಿಮ್ಮ ಕಡೆಗೇ ಇದೆ. ಆದರೂ ಒಂದೇ ಸೂರಿನಡಿ ಇರುವವರು ನೀವು. ಭಾನುವಾರ ಸೂಜಿಯನ್ನು ಡಬ್ಬಿಯಲ್ಲೇ ಬಿಟ್ಟು, ತೇಪೆಗಳನ್ನು ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಒಪ್ಪುತ್ತದೆಂದು ಅತ್ತೆಯವರನ್ನೇ ಕೇಳಿ. ಹಸಿರಿನ ಪಕ್ಕ ಹಳದಿ ಬೇಡವೆನ್ನಲು ಅವರು ಸೋಮವಾರದವರೆಗೆ ಕಾಯಲಾರರು.