ಮೂರನೇ ತರಗತಿಯ ಮಗುವಿಗೆ ಸಂಖ್ಯಾ ವಿನ್ಯಾಸ ಹೇಗೆ ಕಲಿಸುವುದು?

ಮಗಳು ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಾಳೆ, ಆದರೆ ‘ಮುಂದಿನ ಸಂಖ್ಯೆ ಬರೆ’ ಎಂಬ ಲೆಕ್ಕ ಬಂದರೆ ಬಾಯಿಗೆ ಬಂದದ್ದನ್ನು ಹೇಳುತ್ತಾಳೆ ಎಂದಿದ್ದೀರಿ. ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ನನ್ನ ಪ್ರಕಾರ ಅರ್ಧ ತಪ್ಪು ಆ ಪ್ರಶ್ನೆಯದೇ. 1, 2, 4 ಎಂದು ಕೊಟ್ಟು ಮುಂದಿನದು ಯಾವುದು ಎಂದರೆ 8 ಎನ್ನಬಹುದು, ಪ್ರತಿ ಸಲವೂ ಇಮ್ಮಡಿ. 7 ಎಂದರೂ ಸರಿಯೇ: ಮೊದಲು 1 ಸೇರಿತು, ಆಮೇಲೆ 2, ಈಗ 3. ಪುಸ್ತಕದ ಕೊನೆಯಲ್ಲಿ ಮಾತ್ರ ಒಂದೇ ಉತ್ತರ ಇರುತ್ತದೆ, ಮಗು ಅದನ್ನು ಊಹಿಸಬೇಕು! ಹಾಗಾಗಿ ನಾನು ಕೇಳುವುದು ‘ಇದು ಹೇಗೆ ಬೆಳೆಯುತ್ತಿದೆ, ತೋರಿಸು’ ಎಂದು. ತೋರಿಸಬೇಕಾದರೆ ಕೈಗೆ ಏನಾದರೂ ಸಿಗಬೇಕು.

ಅದಕ್ಕೆ ಚುಕ್ಕಿ ರಂಗೋಲಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಏಳು ಚುಕ್ಕಿ ಇಟ್ಟು, ಎರಡೂ ಕಡೆ ಒಂದಕ್ಕೆ ನಿಲ್ಲಿಸಿ: 1, 3, 5, 7, 5, 3, 1. ಒಟ್ಟು ಎಷ್ಟು ಎಂದು ಕೇಳಿ. ಒಂದೊಂದಾಗಿ ಎಣಿಸಿ 25 ಎನ್ನುತ್ತಾಳೆ, ಎಣಿಸಲಿ ಬಿಡಿ. ಆಮೇಲೆ ಮೇಲಿನ ನಾಲ್ಕು ಸಾಲುಗಳನ್ನಷ್ಟೇ ಕೂಡಿಸಲು ಹೇಳಿ. 1, ನಂತರ 4, ನಂತರ 9, ನಂತರ 16. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡಿಸುತ್ತ ಹೋದರೆ ವರ್ಗಸಂಖ್ಯೆಗಳೇ ಏಕೆ ಬರುತ್ತವೆ? ಇಲ್ಲಿ ಹುಣಸೆ ಬೀಜ ಬೇಕು. ಒಂದು ಬೀಜ ಇಡಿ. ಅದನ್ನು ಎರಡಕ್ಕೆರಡರ ಚೌಕ ಮಾಡಲು ಬಲಕ್ಕೆ ಒಂದು, ಕೆಳಕ್ಕೆ ಒಂದು, ಮೂಲೆಗೆ ಒಂದು. ಮೂರಕ್ಕೆ ಮೂರು ಮಾಡಲು ಬಲಕ್ಕೆ ಎರಡು, ಕೆಳಕ್ಕೆ ಎರಡು, ಮತ್ತೆ ಮೂಲೆಗೆ ಒಂದು. ಬಲಕ್ಕೂ ಕೆಳಕ್ಕೂ ಸಮನಾಗಿ ಹೋಗುತ್ತದೆ, ಮೂಲೆಯದೊಂದು ಒಂಟಿಯಾಗಿ ಉಳಿಯುತ್ತದೆ. ಬೆಸಸಂಖ್ಯೆ ಬರುವುದು ಆ ಮೂಲೆಯಿಂದ. ಇದನ್ನು ನೀವು ಹೇಳಿಬಿಡಬೇಡಿ. ಐದಾರು ಚೌಕ ಕಟ್ಟುವ ಹೊತ್ತಿಗೆ ಅವಳೇ ಹೇಳುವ ಸಂಭವ ಹೆಚ್ಚು.

ಮೊದಲಿನ 25 ಚುಕ್ಕಿಗಳಿಗೂ ಒಂದು ಗುಟ್ಟಿದೆ. ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದಕ್ಕೆ ಬಣ್ಣ ಹಾಕಿಸಿ, ತಲೆ ಓರೆ ಮಾಡಿ ನೋಡಲು ಹೇಳಿ. ಒಂದು ಬಣ್ಣದಲ್ಲಿ ನಾಲ್ಕಕ್ಕೆ ನಾಲ್ಕರ ಚೌಕ, ಇನ್ನೊಂದರಲ್ಲಿ ಮೂರಕ್ಕೆ ಮೂರರದು. 16 ಮತ್ತು 9.

ಮರುದಿನ ಸಂದು ಚುಕ್ಕಿ ಇಡಿ, ಅಂದರೆ ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರಬೇಕು. 3 ಇಟ್ಟು 2ಕ್ಕೆ ನಿಲ್ಲಿಸಿದರೆ ಒಟ್ಟು 7, 5 ಇಟ್ಟು 3ಕ್ಕೆ ನಿಲ್ಲಿಸಿದರೆ 19, 7 ಇಟ್ಟು 4ಕ್ಕೆ ನಿಲ್ಲಿಸಿದರೆ 37. ನಟ್ಟನಡುವಿನ ಒಂಟಿ ಚುಕ್ಕಿಯಿಂದ ಆರಂಭಿಸಿದರೆ 1, 7, 19, 37. ಒಂದರಿಂದ ಇನ್ನೊಂದಕ್ಕೆ ಹೆಚ್ಚಾದದ್ದು 6, 12, 18: ಆರರ ಮಗ್ಗಿ! ಆಕೃತಿಗೆ ಆರು ಬದಿ, ಸುತ್ತ ಒಂದು ಬಳೆ ಕೂಡಿದಾಗಲೆಲ್ಲ ಪ್ರತಿ ಬದಿಯೂ ಒಂದು ಚುಕ್ಕಿ ಉದ್ದವಾಗುತ್ತದೆ. 9 ಇಟ್ಟು 5ಕ್ಕೆ ನಿಲ್ಲಿಸಿದರೆ ಎಷ್ಟು ಎಂದು ಚುಕ್ಕಿ ಇಡುವ ಮೊದಲೇ ಕೇಳಿ, ಆಮೇಲೆ ಎಣಿಸಿ ನೋಡಲಿ. 61 ಬರಬೇಕು.

ಮಗ್ಗಿ ಹೇಗೂ ಬರುತ್ತದಲ್ಲ, ಅದೂ ವ್ಯರ್ಥವಾಗುವುದಿಲ್ಲ. ಒಂದು ವೃತ್ತದ ಸುತ್ತ 0ಯಿಂದ 9ರವರೆಗೆ ಬರೆದು, ಮೂರರ ಮಗ್ಗಿಯ ಬಿಡಿ ಸ್ಥಾನದ ಅಂಕಿಗಳನ್ನು ಕ್ರಮವಾಗಿ ಗೆರೆಯಿಂದ ಜೋಡಿಸಲಿ: 0, 3, 6, 9, 2, 5, 8, 1, 4, 7, ಮತ್ತೆ 0. ನಕ್ಷತ್ರ ಮೂಡುತ್ತದೆ. ಏಳರ ಮಗ್ಗಿಯೂ ಅದೇ ನಕ್ಷತ್ರವನ್ನು ಹಿಂದುಮುಂದಾಗಿ ಬಿಡಿಸುತ್ತದೆ, ಏಕೆಂದರೆ 7 ಕೂಡಿಸುವುದೆಂದರೆ 10 ಕೂಡಿಸಿ 3 ಕಳೆಯುವುದು. ನಾಲ್ಕು ಮತ್ತು ಆರರ ಜೋಡಿ ಏನು ಬಿಡಿಸುತ್ತದೆ ಎಂಬುದನ್ನು ಅವಳಿಗೇ ಬಿಡಿ.

ಕಾಪ್ರೇಕರ್ ಅವರ 6174ರ ಆಟವನ್ನು ತೋರಿಸಿ ಎಂದು ಯಾರಾದರೂ ಸಲಹೆ ಕೊಟ್ಟಾರು: ನಾಲ್ಕೂ ಅಂಕಿ ಒಂದೇ ಆಗಿರದ ನಾಲ್ಕಂಕಿಯ ಸಂಖ್ಯೆ ತೆಗೆದುಕೊಂಡು, ಅದರ ಅಂಕಿಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆದು, ಬಂದ ಉತ್ತರಕ್ಕೂ ಹಾಗೇ ಮಾಡುತ್ತ ಹೋದರೆ ಕೊನೆಗೆ 6174 ಬರುತ್ತದೆ. ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದವರು ಕಂಡುಹಿಡಿದದ್ದು ಎಂಬ ಕಾರಣಕ್ಕೆ ನನಗೂ ಅದು ಇಷ್ಟ. ಆದರೆ ಅದರ ಕಾರಣ ಈ ವಯಸ್ಸಿಗೆ ಎಟುಕುವುದಿಲ್ಲ, ಕಳೆಯುವ ಲೆಕ್ಕದ ಅಭ್ಯಾಸಕ್ಕೆ ಮುಂದೆ ಇಟ್ಟುಕೊಳ್ಳಿ.

ಇನ್ನು ಪರೀಕ್ಷೆಯ ವಿಷಯ. ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸವನ್ನು ಕೆಳಗೆ ಸಣ್ಣದಾಗಿ ಬರೆದುಕೊಳ್ಳುವ ರೂಢಿ ಮಾಡಿಸಿ, ಈ ತರಗತಿಯ ಹೆಚ್ಚಿನ ಲೆಕ್ಕಗಳು ಅಷ್ಟಕ್ಕೇ ಬಿಡಿಸಿಕೊಳ್ಳುತ್ತವೆ. ಪುಸ್ತಕದ್ದಕ್ಕಿಂತ ಬೇರೆ ಉತ್ತರ ಬರೆದು ಕಾರಣವನ್ನೂ ಹೇಳಿದಳೋ, ಅಂಕ ಹೋದರೂ ಮನೆಯಲ್ಲಿ ಬೈಯಬೇಡಿ.